ನಾಣ್ಯದ ಚಿತ್ರಕ್ಕೆ ಎಂಥ ಕ್ಯಾಮೆರಾ ಬೇಕು?

‘ನಾಣ್ಯಗಳ ಫೋಟೊ ತೆಗೆಯಬೇಕಂತೆ, ಯಾವ ಕ್ಯಾಮೆರಾ ಕೊಡಿಸೋಣ?’ ನಾಣ್ಯ ಸಂಗ್ರಹದ ಹವ್ಯಾಸವಿರುವ ಮಕ್ಕಳ ತಂದೆ ತಾಯಂದಿರು ಆಗಾಗ ಕೇಳುವ ಪ್ರಶ್ನೆ ಇದು. ಉತ್ತರಕ್ಕೆ ಮೊದಲು ಒಂದು ಮರುಪ್ರಶ್ನೆ: ಆ ಚಿತ್ರದಲ್ಲಿ ಏನೇನು ಕಾಣಬೇಕು?

ಜೇಬಿನಲ್ಲಿರುವ ಒಂದು ರೂಪಾಯಿಯನ್ನೇ ತೆಗೆದು ನೋಡಿ. ಇಸವಿಯ ಕೆಳಗೆ ಪುಟ್ಟ ಗುರುತೊಂದು ಇರಬಹುದು. ವಜ್ರದ ಆಕಾರವಿದ್ದರೆ ಅದು ಮುಂಬೈ ಟಂಕಸಾಲೆಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ದುಂಡು ಚುಕ್ಕೆಯಿದ್ದರೆ ನೋಯ್ಡಾದ್ದು. ಗುರುತೇ ಇಲ್ಲದಿದ್ದರೆ ಕೋಲ್ಕತ್ತದ್ದು. ಸಂಗ್ರಾಹಕರ ಕಣ್ಣು ಮೊದಲು ಹೋಗುವುದು ಇಲ್ಲಿಗೇ. ಈ ಗುರುತು ಮಸುಕಾದರೆ ಚಿತ್ರ ಇದ್ದೂ ಇಲ್ಲದಂತೆ.

ಈಗ ಸಣ್ಣದೊಂದು ಲೆಕ್ಕ. ಹತ್ತು ರೂಪಾಯಿ ನಾಣ್ಯದ ಅಡ್ಡಳತೆ 27 ಮಿ.ಮೀ. ಲೆನ್ಸ್ ಬದಲಿಸಬಹುದಾದ ಹಲವು ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಸೆನ್ಸರಿನ ಎತ್ತರ ಸುಮಾರು 15 ಮಿ.ಮೀ. ಅಂದರೆ ನಾಣ್ಯದ ಬಿಂಬ ನಿಜ ಗಾತ್ರದ ಅರ್ಧದಷ್ಟಿದ್ದರೂ ಚೌಕಟ್ಟು ಹೆಚ್ಚುಕಡಿಮೆ ತುಂಬುತ್ತದೆ. ಕ್ಯಾಮೆರಾದ ಜೊತೆಗೇ ಬರುವ 18–55 ಲೆನ್ಸ್ ಸಾಮಾನ್ಯವಾಗಿ ಅಷ್ಟು ದೊಡ್ಡ ಬಿಂಬ ಕೊಡದು. ಹಾಗೆಂದು ದುಬಾರಿ ಲೆನ್ಸಿಗೆ ಓಡಬೇಕಿಲ್ಲ. ‘ಎಕ್ಸ್‌ಟೆನ್ಷನ್ ಟ್ಯೂಬ್’ ಎಂಬ ಟೊಳ್ಳು ಬಳೆ ಸಿಗುತ್ತದೆ. ಅದರೊಳಗೆ ಗಾಜಿಲ್ಲ, ಲೆನ್ಸನ್ನು ಸೆನ್ಸರಿನಿಂದ ದೂರ ಸರಿಸುವುದಷ್ಟೇ ಅದರ ಕೆಲಸ. 50 ಮಿ.ಮೀ. ಲೆನ್ಸಿನ ಹಿಂದೆ 25 ಮಿ.ಮೀ. ಟ್ಯೂಬ್ ಸೇರಿಸಿದರೆ ಅರ್ಧ ಗಾತ್ರದ ಬಿಂಬ ಸಿಕ್ಕಿತು. ವಿದ್ಯುತ್ ಸಂಪರ್ಕವಿರುವ ಟ್ಯೂಬನ್ನೇ ಕೊಳ್ಳಿ. ಇಲ್ಲವಾದರೆ ಅನೇಕ ಲೆನ್ಸ್‌ಗಳಲ್ಲಿ ಅಪರ್ಚರ್ ಬದಲಿಸಲು ಬಾರದು.

ವಿಜಯನಗರ ಕಾಲದ ಚಿನ್ನದ ‘ಹಣ’ ಬೇಳೆಕಾಳಿಗಿಂತ ತುಸು ದೊಡ್ಡದು, ಅಷ್ಟೆ. ಅಂಥವುಗಳಿಗೆ ನಿಜ ಗಾತ್ರದ ಬಿಂಬ ಕೊಡುವ ಮ್ಯಾಕ್ರೊ ಲೆನ್ಸೇ ಬೇಕು. ಕೊಳ್ಳುವುದಾದರೆ 50–60ಕ್ಕಿಂತ 90–105 ಮಿ.ಮೀ. ಲೆನ್ಸ್ ಮೇಲು. ಮೊದಲಿನದು ನಾಣ್ಯದ ತೀರ ಹತ್ತಿರ ಬರುವುದರಿಂದ ಅದರ ನೆರಳೇ ನಾಣ್ಯದ ಮೇಲೆ ಬೀಳುತ್ತದೆ. ಎರಡನೆಯದು ಬೆಳಕಿಗೆ ಜಾಗ ಬಿಡುತ್ತದೆ. ಕೈಯಿಂದ ಫೋಕಸ್ ಮಾಡುವ ಹಳೆಯ ಲೆನ್ಸಾದರೂ ಚಿಂತೆಯಿಲ್ಲ, ನಾಣ್ಯ ಓಡಿಹೋಗುವುದಿಲ್ಲವಲ್ಲ!

ಲೆನ್ಸಿಗಿಂತ ಮುಖ್ಯವಾದದ್ದು ಅಲುಗಾಡದ ಸ್ಟ್ಯಾಂಡು. ಇಷ್ಟು ಹತ್ತಿರದಲ್ಲಿ ಕೂದಲೆಳೆಯಷ್ಟು ಕದಲಿದರೂ ಗೆರೆಗಳು ಕಲಸಿಹೋಗುತ್ತವೆ. ಡಾರ್ಕ್‌ರೂಮ್ ಮುಚ್ಚಿದ ಸ್ಟುಡಿಯೊಗಳಲ್ಲಿ ಹಳೆಯ ಎನ್‌ಲಾರ್ಜರ್ ಮೂಲೆ ಸೇರಿದ್ದರೆ ಕೇಳಿ ನೋಡಿ. ಅದರ ಕಂಬ ಮತ್ತು ಹಲಗೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಕ್ಯಾಮೆರಾ ನಾಣ್ಯಕ್ಕೆ ನೇರವಾಗಿದೆಯೇ ಎಂದು ತಿಳಿಯಲು ನಾಣ್ಯದ ಜಾಗದಲ್ಲಿ ಚಿಕ್ಕ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಕಂಡರೆ ಸರಿಯಾಗಿದೆ ಎಂದರ್ಥ. ಐಎಸ್‌ಒ 100, ಅಪರ್ಚರ್ ಎಫ್/8 ಇಟ್ಟು, ಸೆಲ್ಫ್ ಟೈಮರ್ ಒತ್ತಿ ಕೈ ತೆಗೆಯಿರಿ.

ಬೆಳಕಿಗೆ ಒಂದೇ ಬಗೆಯ ಬಲ್ಬಿರುವ ಎರಡು ಟೇಬಲ್ ಲ್ಯಾಂಪ್ ಸಾಕು. ಗಡಿಯಾರದ ಮುಖದಲ್ಲಿ ಹತ್ತು ಮತ್ತು ಎರಡು ಗಂಟೆ ಇರುವ ದಿಕ್ಕುಗಳಲ್ಲಿ, ಸ್ವಲ್ಪ ಎತ್ತರದಲ್ಲಿ ಇಡಿ. ಹೊಳಪು ಕಣ್ಣು ಕುಕ್ಕುವಂತಿದ್ದರೆ, ಬಲ್ಬಿಗೆ ತಗುಲದಂತೆ, ನಡುವೆ ಬಟರ್ ಪೇಪರ್ ಹಿಡಿಯಿರಿ. ಕೋಣೆಯ ಟ್ಯೂಬ್‌ಲೈಟ್ ಆರಿಸಿರಲಿ. ಎರಡು ಬಗೆಯ ಬೆಳಕು ಬೆರೆತರೆ ಬೆಳ್ಳಿಯ ಬಣ್ಣವೇ ಕೆಡುತ್ತದೆ.

ಒಂದು ಎಚ್ಚರಿಕೆ. ಚಿತ್ರ ಚೆನ್ನಾಗಿ ಬರಲೆಂದು ಅಜ್ಜಿಯ ಪೆಟ್ಟಿಗೆಯ ತಾಮ್ರದ ಕಾಸನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ವರ್ಷಗಟ್ಟಲೆ ಕಾಲದಲ್ಲಿ ಕಟ್ಟಿದ ಪದರ ಒಮ್ಮೆ ಹೋದರೆ ಮತ್ತೆ ಬಾರದು. ಸಂಗ್ರಾಹಕರ ಲೆಕ್ಕದಲ್ಲಿ ನಾಣ್ಯದ ಬೆಲೆಯೂ ಇಳಿಯುತ್ತದೆ. ಅಂಚನ್ನಷ್ಟೇ ಹಿಡಿದು ಎತ್ತಿ.

ಪೋಷಕರಿಗೆ ಕೊನೆಯ ಮಾತು. ಮೊದಲು ಮನೆಯಲ್ಲಿರುವ ಫೋನಿನಿಂದಲೇ ಆರಂಭವಾಗಲಿ. ಎರಡು ಪುಸ್ತಕದ ರಾಶಿಗಳ ಮೇಲೆ ಫೋನನ್ನು ಅಡ್ಡ ಮಲಗಿಸಿ, ನಾಣ್ಯಕ್ಕೆ ಅಂಟಿದಂತಿಡದೆ ಒಂದು ಗೇಣು ಎತ್ತರದಿಂದ ಎರಡು ಪಟ್ಟು ಜೂಮ್ ಮಾಡಿ ತೆಗೆಯಲಿ. ಐವತ್ತು ನಾಣ್ಯಗಳ ಎರಡೂ ಮುಖ ತೆಗೆದು, ಇಸವಿ, ಟಂಕಸಾಲೆ, ಅಳತೆ ಬರೆದಿಟ್ಟ ಮೇಲೆ ಟ್ಯೂಬಿನ ಮಾತು. ಮ್ಯಾಕ್ರೊ ಲೆನ್ಸಿನ ಮಾತು ಅದಕ್ಕೂ ಆಮೇಲೆ. ಅಷ್ಟು ಹೊತ್ತಿಗೆ ಯಾವುದು ಬೇಕೆಂದು ನಿಮ್ಮ ಮಗ ಅಥವಾ ಮಗಳೇ ಅಂಗಡಿಯವರಿಗೆ ಹೇಳಬಲ್ಲರು.