ಕಥೆಯ ಹಕ್ಕನ್ನು ಮಾರಲೂ ಕಲಿಯೋಣ

‘ಬ್ಯಾರಿ’ ಚಿತ್ರಕ್ಕೆ 2011ರ ಸಾಲಿನ ರಾಷ್ಟ್ರಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ತಮ್ಮ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಕೇಳದೆ ಬಳಸಿದ್ದಾರೆಂದು ದೂರಿ, ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಕೋರ್ಟಿಗೆ ಹೋಗಬೇಕಾಯಿತು.

ಬರೆಯುವವರು ನಮ್ಮಲ್ಲಿದ್ದಾರೆ. ಅವರ ಪರವಾಗಿ ವ್ಯವಹಾರ ಮಾತಾಡುವ ಲಿಟರರಿ ಏಜೆಂಟರೂ ನಮ್ಮಲ್ಲಿ ಬೇಕು. ಅದಕ್ಕೆ ಎಂ.ಎ. ಆಗಬೇಕೆಂದಿಲ್ಲ, ನನ್ನಂಥ ಡಿಪ್ಲೊಮಾದವನೂ ಕಲಿಯಬಹುದು. ತುಂಬ ಓದಬೇಕು. ಯಾವ ಪ್ರಕಾಶಕರಿಗೆ ಎಂಥ ಪುಸ್ತಕ ಹಿಡಿಸುತ್ತದೆಂದು ತಿಳಿದಿರಬೇಕು. ಕರಾರಿನಲ್ಲಿ ಅನುವಾದ, ಸಿನಿಮಾ, ಆಡಿಯೋ ಹಕ್ಕುಗಳನ್ನು ಬೇರೆಬೇರೆಯಾಗಿ ಬರೆಸಲು ಬರಬೇಕು. ಕಮಿಷನ್ ಸಾಮಾನ್ಯವಾಗಿ ಲೇಖಕರಿಗೆ ಬಂದ ಹಣದ ಶೇ. 15. ಪುಸ್ತಕ ಮಾರುವ ಮೊದಲೇ ಲೇಖಕರಿಂದ ಫೀಸು ಕೇಳುವವರನ್ನು ನಂಬಬೇಡಿ.

ಅಂಗಡಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕಮಿಷನ್ ವ್ಯವಹಾರ ಹೊಸತೇನಲ್ಲ. ಮನೆಯಲ್ಲಿ ಬರೆಯುವ ಉಮ್ಮನೋ ತಂಗಿಯೋ ಇದ್ದರೆ, ಸಹಿಗೆ ಮೊದಲು ಅವರ ಕರಾರನ್ನು ಕೂತು ಓದಿ. ಕಲಿಕೆ ಅಲ್ಲಿಂದಲೇ ಶುರುವಾಗಲಿ.