ತೆರೆಯ ಹಿಂದೆ: ಹೀರೋ ಗುಂಡು ತಪ್ಪೋದೇ ಇಲ್ಲ, ಯಾಕೆ?

ಈ ವಾರದ ಪ್ರಶ್ನೆ ಬಾಗಲಗುಂಟೆಯಿಂದ. ಹೆಸರಘಟ್ಟ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಾ ಬರೆದರೋ ಏನೋ, ಅಕ್ಷರ ಸ್ವಲ್ಪ ಓಡಿದೆ! "ಕೌಬಾಯ್ ಚಿತ್ರದಲ್ಲಿ ಹೀರೋ ಟ್ರಿಗರ್ ಕೆಳಗಿನ ಕಬ್ಬಿಣದ ಬಳೆಯನ್ನ ಟಕ್ ಟಕ್ ಅಂತ ಎಳೆದು, ಗುಡ್ಡದ ತುದಿಯಲ್ಲಿರೋ ಖಳನನ್ನ ಕೆಡವುತ್ತಾನೆ. ನಿಜಕ್ಕೂ ಅಷ್ಟು ದೂರ ಹೊಡೆಯಬಹುದಾ ಸಾರ್?"

ಹೊಡೆಯಬಹುದು ಸ್ವಾಮಿ. ಆದರೆ ಅವನು ಹೊಡೆಯುವ ರೀತಿಯಲ್ಲಲ್ಲ.

ಆ ಬಳೆಯ ಹೆಸರು ಲಿವರ್. ಕೆಳಗೆ ಎಳೆದರೆ ಖಾಲಿ ತೋಟಾ ಹೊರಗೆ, ಮೇಲೆ ಒತ್ತಿದರೆ ಹೊಸದು ಒಳಗೆ. ೧೯೩೯ರ 'ಸ್ಟೇಜ್‌ಕೋಚ್' ಚಿತ್ರದಲ್ಲಿ ಜಾನ್ ವೇಯ್ನ್ ದೊಡ್ಡ ಬಳೆಯ ಬಂದೂಕನ್ನು ಒಂದೇ ಕೈಯಲ್ಲಿ ಗಿರ್ರನೆ ತಿರುಗಿಸಿದ್ದೇ ತಡ, ಜಗತ್ತಿಗೆಲ್ಲ ಅದೇ ಹುಚ್ಚು. ಆ ಗಾಳಿ ನಮ್ಮೂರಿಗೂ ಬೀಸಿ, ೧೯೭೩ರಲ್ಲಿ ದ್ವಾರಕೀಶ್ 'ಕೌಬಾಯ್ ಕುಳ್ಳ' ಆದರು. ನೋಡೋಕೆ ಚೆಂದ, ಗುರಿಗೆ ದಂಡ! ಬಂದೂಕು ಒಮ್ಮೆ ಭುಜ ಬಿಟ್ಟರೆ ಮತ್ತೆ ಮೊದಲಿಂದ ಗುರಿ ಹಿಡಿಯಬೇಕು. ಪಳಗಿದವನು ಕೆನ್ನೆ ಎತ್ತದೆ, ಭುಜ ಕದಲಿಸದೆ ಲಿವರ್ ಎಳೆಯುತ್ತಾನೆ.

ಇನ್ನೊಂದು ತೊಡಕು ಬಂದೂಕಿನ ಹೊಟ್ಟೆಯಲ್ಲೇ ಇದೆ. ನಳಿಗೆಯ ಅಡಿ ಇನ್ನೊಂದು ಕೊಳವೆ, ಅದರೊಳಗೆ ತೋಟಾಗಳು ಒಂದರ ಹಿಂದೊಂದು ಸಾಲಾಗಿ ಮಲಗಿರುತ್ತವೆ. ಹಿಂದಿನ ಗುಂಡಿನ ಮೂತಿ ಚೂಪಾಗಿದ್ದರೆ ಮುಂದಿನದರ ತಳಕ್ಕೆ ಕುಟ್ಟಿ ಅಲ್ಲೇ ಢಮಾರ್! ಅದಕ್ಕೇ ಮೂತಿ ಚಪ್ಪಟೆ. ಚಪ್ಪಟೆ ಮೂತಿಗೆ ಗಾಳಿ ಜಾಸ್ತಿ ಅಡ್ಡ ಬರುತ್ತೆ, ವೇಗ ಬೇಗ ಇಳಿಯುತ್ತೆ. ೧೦೦ ಗಜಕ್ಕೆ ಗುರಿ ಹೊಂದಿಸಿದ '೩೦-೩೦' ರೈಫಲ್ಲಿನ ಗುಂಡು ೨೦೦ ಗಜದಲ್ಲಿ ಸುಮಾರು ೮ ಅಂಗುಲ ಕೆಳಗೆ ಬೀಳುತ್ತೆ, ೩೦೦ ಗಜದಲ್ಲಿ ಎರಡಡಿಗೂ ಹೆಚ್ಚು. ಖಳನ ಎದೆಗೆ ಇಟ್ಟದ್ದು ಮೊಣಕಾಲಿಗೆ! ಎಷ್ಟು ದೂರಕ್ಕೆ ಎಷ್ಟು ಇಳಿಯುತ್ತೆ ಅಂತ ಹಾಳೆಗೆ ಹೊಡೆದು ಹೊಡೆದು ಬರೆದಿಟ್ಟುಕೊಂಡವನೇ ದೂರದ ಗುರಿಕಾರ. ರಬ್ಬರಿನಂಥ ಮೆತ್ತನೆ ಚೂಪು ಮೂತಿಯ ಗುಂಡುಗಳು ಬಂದದ್ದು ಈ ಶತಮಾನದಲ್ಲಿ.

ಆಮೇಲೆ ಕಣ್ಣು. ನಳಿಗೆಯ ಮೇಲಿನ ಹಳೇ ಕಚ್ಚಿನ ಬದಲು, ಹಿಂದೆ ಕಣ್ಣಿನ ಹತ್ತಿರ ಸಣ್ಣ ತೂತಿನ 'ಪೀಪ್ ಸೈಟ್' ಹಾಕಿಸಿದರೆ ಅರ್ಧ ಕೆಲಸ ಆಯಿತು. ಹಿಂದಿನ ತೂತಿಗೂ ಮುಂದಿನ ಮೊಳೆಗೂ ಅಂತರ ಹೆಚ್ಚಿದಷ್ಟೂ ತಪ್ಪು ಕಮ್ಮಿ. ನಳಿಗೆಯನ್ನು ಕಲ್ಲಿನ ಮೇಲೆ ಊರಿ ಹೊಡೆಯೋದು ಸಿನಿಮಾದಲ್ಲಿ ಮಾತ್ರ. ಊರಬೇಕಾದ್ದು ಮುಂಗೈ ಹಿಡಿಯುವ ಮರದ ಭಾಗ, ಅದೂ ಮೆತ್ತನೆ ಚೀಲದ ಮೇಲೆ.

ಜೇಮ್ಸ್ ಸ್ಟುವರ್ಟ್ ನಟಿಸಿದ 'ವಿಂಚೆಸ್ಟರ್ ೭೩' (೧೯೫೦) ನೋಡಿ. ಕಥೆಯ ನಾಯಕ ಒಂದು ಬಂದೂಕು, 'ಸಾವಿರಕ್ಕೊಂದು'. ಇದು ಬರೀ ಕಥೆಯಲ್ಲ. ಪರೀಕ್ಷೆಯಲ್ಲಿ ಗುಂಡುಗಳನ್ನೆಲ್ಲ ಒತ್ತೊತ್ತಾಗಿ ಕೂರಿಸಿದ ನಳಿಗೆಗಳನ್ನು ಆರಿಸಿ, ಕಂಪನಿ ಆ ಹೆಸರಿನಲ್ಲೇ ನೂರು ಡಾಲರಿಗೆ ಮಾರುತ್ತಿತ್ತು. ೧೮೭೩ರ ಮಾದರಿಯಲ್ಲಿ ಅಂಥವು ತಯಾರಾದದ್ದು ನೂರಮೂವತ್ತರ ಆಸುಪಾಸು ಅಷ್ಟೆ. ಚಿತ್ರದಲ್ಲಿ ಸ್ಟುವರ್ಟ್ ಪರವಾಗಿ ಗುರಿಯಿಟ್ಟವರು ಹರ್ಬ್ ಪಾರ್ಸನ್ಸ್ ಎಂಬ ಪ್ರದರ್ಶನ ಗುರಿಕಾರ. ಡ್ಯೂಪು ಗುರುವೇ, ಡ್ಯೂಪು!

ನಿಜವಾದ ಗುರಿ ನೋಡಬೇಕಾ? ಕೈಲ್ ಮುಹೂರ್ತದ ಹೊತ್ತಿಗೆ ಕೊಡಗಿಗೆ ಹೋಗಿ. ದೂರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಅಲ್ಲಿ ಹಬ್ಬದ ಭಾಗ. ಕೋವಿ ತಿರುಗಿಸಿ ಪೋಸು ಕೊಡೋರಿಗೆ ಅಲ್ಲಿ ಕಾಯಿ ಸಿಗಲ್ಲ.

ಬಾಗಲಗುಂಟೆ ಮಿತ್ರರೇ, ಕೈ ತುರಿಸಿದರೆ ಹಿತ್ತಲಲ್ಲಿ ಗುಬ್ಬಚ್ಚಿ ಮೇಲೆ ಬೇಡ. ೧೯೫೯ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ರೈಫಲ್ಲಿಗೆ ಲೈಸೆನ್ಸ್ ಬೇಕೇ ಬೇಕು. ರೈಫಲ್ ಕ್ಲಬ್ಬಿನಲ್ಲಿ ಹತ್ತು ಮೀಟರ್ ಏರ್ ರೈಫಲ್ಲಿನಿಂದ ಶುರು ಮಾಡಿ. ಅದರ ನಡುವಿನ 'ಹತ್ತು' ಬರೀ ಅರ್ಧ ಮಿಲಿಮೀಟರಿನ ಚುಕ್ಕೆ. ಅಭಿನವ್ ಬಿಂದ್ರಾ ೨೦೦೮ರಲ್ಲಿ ಒಲಿಂಪಿಕ್ ಚಿನ್ನ ಹೊಡೆದದ್ದು ಅಂಥದ್ದೇ ಚುಕ್ಕೆಗೆ.

ಅಂದಹಾಗೆ, ೧೮೭೩ರ ಆ ಉದ್ದ ರೈಫಲ್ಲಿನ ಕೊಳವೆಯಲ್ಲಿ ಹಿಡಿಯೋದು ೧೫ ತೋಟಾ. ಮುಂದಿನ ಸಲ ಹೀರೋ ಗುಂಡು ಹಾರಿಸುವಾಗ ಬೆರಳು ಮಡಚಿ ಎಣಿಸಿ, ಲೆಕ್ಕ ನಮಗೆ ಬರೆದು ಕಳಿಸಿ!