ಚಾನೆಲ್ 4 ಮರೆತ ಹೊಣೆ

ಬ್ರಿಟನ್ನಿನ ಚಾನೆಲ್ 4ರ ಹಳೆಯ ವೀಕ್ಷಕರು ಅದರ ಮೊದಲ ವರ್ಷಗಳನ್ನು ಪ್ರೀತಿಯಿಂದ ನೆನೆಯುತ್ತಾರೆ. ಇದನ್ನು ಬರೀ ಹಳಹಳಿಕೆ ಎಂದು ತಳ್ಳಿಹಾಕಲಾಗದು. 1982ರ ನವೆಂಬರ್ 2ರಂದು ಆರಂಭವಾದ ಈ ಚಾನೆಲ್ಲಿಗೆ, ಬೇರೆಯವರು ಕಡೆಗಣಿಸಿದ ವೀಕ್ಷಕರನ್ನು ತಲುಪುವ ಹೊಣೆಯನ್ನು ಕಾನೂನೇ ಹೊರಿಸಿತ್ತು.

ಹಾಗಾಗಿಯೇ ತಾರಿಕ್ ಅಲಿ, ಡಾರ್ಕಸ್ ಹೋವ್ ಅವರ 'ಬಾಂಡುಂಗ್ ಫೈಲ್' ಬಂತು. ಅಲ್ಲಿ ವಲಸಿಗರು ಚರ್ಚೆಯ ವಸ್ತುವಾಗಿರಲಿಲ್ಲ, ಚರ್ಚೆ ನಡೆಸುವವರಾಗಿದ್ದರು. ಹನೀಫ್ ಕುರೇಶಿ ಬರೆದ 'ಮೈ ಬ್ಯೂಟಿಫುಲ್ ಲಾಂಡ್ರೆಟ್' (1985) ಸಿನಿಮಾಕ್ಕೆ ಹಣ ಹಾಕಿದ್ದೂ ಇದೇ ಚಾನೆಲ್. ನಸ್ರೀನ್ ಮುನ್ನಿ ಕಬೀರ್ 'ಮೂವಿ ಮಹಲ್'ನಲ್ಲಿ ಹಿಂದಿ ಸಿನಿಮಾವನ್ನು ಗಂಭೀರವಾಗಿ ಪರಿಚಯಿಸಿದರು.

ಆಮೇಲೇನಾಯಿತು? ಮೊದಲು ಐಟಿವಿ ಕಂಪನಿಗಳು ಅದರ ಜಾಹೀರಾತು ಮಾರಿ ಖರ್ಚು ಕೊಡುತ್ತಿದ್ದವು. 1993ರಿಂದ ಜಾಹೀರಾತನ್ನು ತಾನೇ ಮಾರಬೇಕಾಯಿತು. ನೋಡುಗರ ತಲೆ ಎಣಿಸುವುದು ಮುಖ್ಯವಾಯಿತು. 2000ದಲ್ಲಿ 'ಬಿಗ್ ಬ್ರದರ್' ಬಂತು. 2007ರಲ್ಲಿ ಅದರ ಸೆಲೆಬ್ರಿಟಿ ಆವೃತ್ತಿಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಶಿಲ್ಪಾ ಶೆಟ್ಟಿಯವರನ್ನು ಸಹಸ್ಪರ್ಧಿಗಳು ಹೀಯಾಳಿಸಿದರು. 40,000ಕ್ಕೂ ಹೆಚ್ಚು ದೂರುಗಳು ಬಂದವು. ಚಾನೆಲ್ ಪ್ರಸಾರ ನಿಯಮ ಮುರಿದಿದೆಯೆಂದು ನಿಯಂತ್ರಕ ಸಂಸ್ಥೆ ಆಫ್‌ಕಾಮ್ ತೀರ್ಪಿತ್ತಿತು. ಏಷ್ಯನ್ನರಿಗೆ ದನಿ ಕೊಟ್ಟ ಚಾನೆಲ್ಲಿನಲ್ಲೇ ಏಷ್ಯಾದ ಹೆಣ್ಣಿನ ಕಣ್ಣೀರು ಮಾರಾಟದ ಸರಕಾಯಿತು!

'ಜನ ಬಯಸಿದ್ದನ್ನೇ ಕೊಡುತ್ತೇವೆ' ಎನ್ನುವುದು ಸುಲಭದ ಸಮರ್ಥನೆ. ಎಣಿಕೆಯಲ್ಲಿ ಕಡಿಮೆಯಿರುವವರು ಜನರಲ್ಲವೇ? ಅವರಿಗಾಗಿಯೇ ತಾನೇ ಈ ಚಾನೆಲ್ ಹುಟ್ಟಿದ್ದು?

ಚಾನೆಲ್ಲನ್ನು ಖಾಸಗಿಯವರಿಗೆ ಮಾರುವ ಯೋಜನೆಯನ್ನು 2023ರಲ್ಲಿ ಅಲ್ಲಿನ ಸರ್ಕಾರ ಕೈಬಿಟ್ಟಿತು. ಒಡೆತನ ಸಾರ್ವಜನಿಕರಲ್ಲೇ ಉಳಿಯಿತು. ಒಳ್ಳೆಯದೇ. ಆದರೆ ಆ ಮಾತಿಗೆ ಅರ್ಥವಿರಬೇಕಾದರೆ, ಅದು 'ಬಾಂಡುಂಗ್ ಫೈಲ್'ನಂಥ ಕಾರ್ಯಕ್ರಮಗಳಿಗೆ ಮತ್ತೆ ಹಣವನ್ನೂ ಸಮಯವನ್ನೂ ಕೊಡಲಿ.